ಅಟ್ಟದ ಗಂಟು, ಮುಗಿಯದ ಬೊಂತೆ

ಹಾರೋಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಹೆಂಚಿನ ಮನೆಯನ್ನು ಕೆಡವುವಾಗ ಅಟ್ಟದಿಂದ ಏನೇನು ಇಳಿಯುತ್ತದೆ? ತುಕ್ಕು ಹಿಡಿದ ಕುಡುಗೋಲು, ಮುರಿದ ಮೊರ, ಕಾಲು ಕಳೆದುಕೊಂಡ ತೊಟ್ಟಿಲು. ಇವೆಲ್ಲದರ ಹಿಂದೆ ಗೋಡೆಗೆ ಆತುಕೊಂಡಂತೆ, ಹಳೆಯ ಸೀರೆಯ ನಾಲ್ಕು ತುದಿ ಸೇರಿಸಿ ಬಿಗಿದ ಒಂದು ಗಂಟು. ಬಿಚ್ಚಿದರೆ ಒಳಗೆ ಮತ್ತಷ್ಟು ಪುಟ್ಟ ಗಂಟುಗಳು. ಒಂದರಲ್ಲಿ ಸೀರೆಯ ಅಂಚು, ಒಂದರಲ್ಲಿ ಕುಪ್ಪಸದ ತೋಳು, ಮತ್ತೊಂದರಲ್ಲಿ ಪಂಚೆಯ ಹರಕು, ಮಕ್ಕಳ ಲಂಗದ ಚೂರು. ತಳದಲ್ಲಿ ಮಡಿಸಿಟ್ಟ ಅರ್ಧ ಬೊಂತೆ. ಒಂದು ಬದಿಯಿಂದ ಮೂರು ನಾಲ್ಕು ಗೇಣು ಹೊಲಿಗೆ ಬಿದ್ದಿದೆ, ಉಳಿದದ್ದು ಹಾಗೇ ಇದೆ. ಕೆಲವೊಮ್ಮೆ ಸೂಜಿಯೂ ಅಲ್ಲೇ ಚುಚ್ಚಿಕೊಂಡಿರುತ್ತದೆ.

ಮನೆ ಕೆಡವುವ ಆಳುಗಳಿಗೆ ಅದು ಕಸ. ಮನೆಯವರಿಗೂ ಅಷ್ಟೇ. ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಹಾರೋಹಳ್ಳಿ ಈಗ ತಾನೇ ಒಂದು ತಾಲ್ಲೂಕು. ಪಕ್ಕದಲ್ಲಿ ಕೈಗಾರಿಕಾ ಪ್ರದೇಶ, ಎದುರಿಗೆ ಬೆಂಗಳೂರಿನ ಹೆದ್ದಾರಿ. ಹೆಂಚು ಇಳಿಯುತ್ತಿದೆ, ತಾರಸಿ ಏರುತ್ತಿದೆ. ತಾರಸಿ ಮನೆಯಲ್ಲಿ ಚಿಂದಿ ಗಂಟಿಗೆ ಜಾಗ ಎಲ್ಲಿ? ಆದರೆ ಸಾಮಾನ್ಯ ಜನ ಉಟ್ಟು ತೊಟ್ಟ ಬಟ್ಟೆಯ ಚರಿತ್ರೆ ತಿಳಿಯಬೇಕಾದರೆ, ಹೊಲಿದು ಮುಗಿಸಿದ ಬೊಂತೆಗಿಂತ ಈ ಮುಗಿಯದ ಬೊಂತೆ ಮತ್ತು ಅದರ ಗಂಟೇ ಒಳ್ಳೆಯ ಸಾಕ್ಷಿ. ಅದು ಹೇಗೆ ಎಂಬುದನ್ನು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯ ಮೈಸೂರು ಸೀಮೆಯವರು ಬೊಂತೆ ಎನ್ನುವುದನ್ನು ಉತ್ತರ ಕರ್ನಾಟಕದವರು ಕೌದಿ ಎನ್ನುತ್ತಾರೆ. ತೆಲುಗಿನಲ್ಲಿ ಬೊಂತ, ಮರಾಠಿಯಲ್ಲಿ ಗೋಧಡಿ, ಬಂಗಾಳಿಯಲ್ಲಿ ಕಾಂಥಾ. ಈ ಕಾಂಥಾ ಮತ್ತು ನಮ್ಮ ಕಂತೆ ಎರಡೂ ಸಂಸ್ಕೃತದ ಕಂಥಾ ಶಬ್ದದಿಂದ ಬಂದವು. ಹರಕು ಬಟ್ಟೆಗಳನ್ನು ಕೂಡಿಸಿ ಹೊಲಿದದ್ದು ಎಂದೇ ಅದರ ಅರ್ಥ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ಇಂದು ಜೋಡಿಯನ್ನು ಹಂಗಿಸಲು ಬಳಸುವವರಲ್ಲಿ ಎಷ್ಟೋ ಮಂದಿಗೆ ಎರಡೂ ಒಂದೇ ಜಾತಿಯ ವಸ್ತು ಎಂಬುದು ಹೊಳೆದಿರಲಾರದು.

ತೇಪೆಯ ಬಟ್ಟೆಗೆ ಒಂದು ಕಾಲದಲ್ಲಿ ಗೌರವವೂ ಇತ್ತು. ಬೌದ್ಧ ವಿನಯಪಿಟಕದ ಪ್ರಕಾರ, ಮಗಧದ ಗದ್ದೆಗಳ ಬದುಗಳನ್ನು ತೋರಿಸಿದ ಬುದ್ಧ, ಆ ಮಾದರಿಯಲ್ಲೇ ತುಂಡು ಜೋಡಿಸಿ ಭಿಕ್ಷುಗಳ ಚೀವರ ಹೊಲಿಯುವಂತೆ ಆನಂದನಿಗೆ ಹೇಳಿದ. ಹನ್ನೆರಡನೇ ಶತಮಾನದ ಶರಣರಲ್ಲಿ ಬೊಂತಾದೇವಿ ಎಂಬ ವಚನಕಾರ್ತಿಯಿದ್ದಾಳೆ. ಆಕೆ ಕಾಶ್ಮೀರದ ರಾಜಪುತ್ರಿ, ಎಲ್ಲವನ್ನೂ ತೊರೆದು ಬಂದಾಗ ಶಿವನೇ ಕೊಟ್ಟ ಬೊಂತೆಯನ್ನು ಹೊದ್ದದ್ದರಿಂದ ಆ ಹೆಸರು ಬಂತು ಎಂಬುದು ಶರಣ ಪರಂಪರೆಯ ಕಥೆ. ಕಥೆಯ ನಿಜ ಸುಳ್ಳು ಏನೇ ಇರಲಿ, ಬೊಂತೆ ಎಂಬ ಪದಕ್ಕೆ ಕನ್ನಡದಲ್ಲಿ ಎಷ್ಟು ವಯಸ್ಸಾಗಿದೆ ಎಂಬುದಕ್ಕೆ ಆ ಹೆಸರೇ ಸಾಕು.

ಇನ್ನು ಲೆಕ್ಕಕ್ಕೆ ಬರೋಣ. ಆರು ಗಜದ ಸೀರೆಯೆಂದರೆ ಐದೂವರೆ ಮೀಟರು. ಅದನ್ನು ನಡುವೆ ಕತ್ತರಿಸಿ ಎರಡು ಹೋಳನ್ನು ಅಕ್ಕಪಕ್ಕ ಕೂಡಿಸಿದರೆ ದೊಡ್ಡ ಬೊಂತೆಯ ಒಂದು ಪದರ ಸಿದ್ಧ. ಚಳಿಗೆ ತಡೆಯುವ ಬೊಂತೆಗೆ ನಾಲ್ಕೈದು ಪದರವಾದರೂ ಬೇಕು. ಅಂದರೆ ನಾಲ್ಕೈದು ಸೀರೆ, ಮೇಲಿನ ಮುಖಕ್ಕೆ ಬಣ್ಣದ ತುಂಡುಗಳು ಬೇರೆ. ವರ್ಷಕ್ಕೆ ಎರಡು ಸೀರೆ ಕೊಳ್ಳುವ ಮನೆ ಎಂದು ಇಟ್ಟುಕೊಂಡರೂ, ಆ ಸೀರೆ ಉಟ್ಟು, ಒಗೆದು, ಹರಿದು, ತೊಟ್ಟಿಲಿಗೆ ಕಟ್ಟಿ, ಕೊನೆಗೆ ಬೊಂತೆಯ ಪಾಲಿಗೆ ಬರಲು ವರ್ಷಗಳೇ ಬೇಕು. ಹೀಗಾಗಿ ಗಂಟು ಎಂಬುದು ಮರೆತು ಬಿಟ್ಟ ಕಸವಲ್ಲ, ಒಂದು ರೀತಿಯ ಉಳಿತಾಯ. ದುಡ್ಡಿನ ಗಂಟು ಗಂಡಸಿನ ಸೊಂಟದಲ್ಲಿದ್ದರೆ ಚಿಂದಿಯ ಗಂಟು ಹೆಂಗಸಿನ ಲೆಕ್ಕದಲ್ಲಿತ್ತು. ಯಾವ ತುಂಡು ಯಾವ ಗಂಟಿನಲ್ಲಿದೆ ಎಂಬುದು ಗೊತ್ತಿದ್ದದ್ದು ಆಕೆಗೆ ಮಾತ್ರ.

ಸರಿ, ಬಟ್ಟೆ ಕೂಡಿತು. ಹೊಲಿಯಲು ಬಿಡುವು? ಸುಗ್ಗಿ ಮುಗಿದು ರಾಗಿ ಮನೆ ಸೇರಿದ ಮೇಲೆ, ಭರಣಿ ಮಳೆ ಬೀಳುವ ತನಕ ಸಿಗುವ ಬೇಸಿಗೆಯ ಮಧ್ಯಾಹ್ನಗಳೇ ಬೊಂತೆಯ ಕಾಲ. ಬೊಂತೆಯನ್ನು ತೊಡೆಯ ಮೇಲಿಟ್ಟು ಹೊಲಿಯಲಾಗದು. ಪೂರ್ತಿ ನೆಲಕ್ಕೆ ಹಾಸಿ, ಮಡಿಕೆ ಬೀಳದಂತೆ ಎಳೆದು, ಒಂದು ಅಂಚಿನಿಂದ ಸಾಲು ಹಿಡಿದು ಬರಬೇಕು. ಜಗುಲಿಯೋ ನಡುಮನೆಯೋ ಖಾಲಿ ಬೇಕು. ಕನಕಪುರ, ರಾಮನಗರ ಸೀಮೆಯ ಮನೆಗಳಲ್ಲಿ ಈ ಖಾಲಿ ನೆಲವೇ ದುರ್ಲಭ. ಕಾರಣ ರೇಷ್ಮೆ ಹುಳು.

ಪ್ರತ್ಯೇಕ ಹುಳು ಸಾಕುವ ಮನೆಗಳು ಬರುವ ಮುನ್ನ ಹುಳುವೂ ಮನುಷ್ಯರೂ ಒಂದೇ ಸೂರಿನಡಿ ಬದುಕಿದವರು. ಮೊಟ್ಟೆ ಒಡೆದು ಬಂದ ಹುಳು ನಾಲ್ಕು ಜ್ವರ ಕಳೆದು ಹಣ್ಣಾಗುವ ಹೊತ್ತಿಗೆ ಹೆಚ್ಚು ಕಡಿಮೆ 25 ದಿನ. (ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ಮಲಗುವುದನ್ನು ರೈತರು ಕರೆಯುವುದೇ ಜ್ವರ ಎಂದು.) ಇಡೀ ಜೀವಮಾನದಲ್ಲಿ ಅದು ತಿನ್ನುವ ಸೊಪ್ಪಿನಲ್ಲಿ ಐದಕ್ಕೆ ನಾಲ್ಕು ಪಾಲು ನಾಲ್ಕನೇ ಜ್ವರ ಎದ್ದ ನಂತರದ ವಾರದಲ್ಲೇ ಖರ್ಚಾಗುತ್ತದೆ. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವುದು, ಇದರಲ್ಲಿ ಬಹುಪಾಲು ಹೆಂಗಸರ ಕೆಲಸ. ನೀರಾವರಿಯ ಹಿಪ್ಪುನೇರಳೆ ತೋಟವಿದ್ದರೆ ವರ್ಷಕ್ಕೆ ಐದು ಬೆಳೆ. ಬೇಸಿಗೆಯೆಂದು ಹುಳು ರಜೆ ಕೊಡುವುದಿಲ್ಲ. ಹಾಸಿದ ಬೊಂತೆ ಹುಳುವಿನ ತಟ್ಟೆಗಳಿಗೆ ಜಾಗ ಬಿಟ್ಟು ಮಡಿಕೆಯಾಗಿ ಅಟ್ಟ ಸೇರುತ್ತಿತ್ತು. ಮುಂದಿನ ಬಿಡುವಿಗೆ ಇಳಿಯಬೇಕಾದದ್ದು ಬಾಣಂತನ, ಮದುವೆ, ಮಂಜಾದ ಕಣ್ಣು ಎಂದು ಮುಂದೆ ಮುಂದೆ ಹೋಗುತ್ತಿತ್ತು. ಊರಿಗೆಲ್ಲ ರೇಷ್ಮೆ ಕೊಟ್ಟ ಸೀಮೆಯಲ್ಲಿ ಹತ್ತಿಯ ಬೊಂತೆ ಅರ್ಧಕ್ಕೆ ನಿಂತದ್ದು ಸೋಮಾರಿತನದಿಂದ ಅಲ್ಲ.

ಉತ್ತರ ಕರ್ನಾಟಕದಲ್ಲಿ ಇದಕ್ಕೊಂದು ದಾರಿಯಿತ್ತು. ಅಲ್ಲಿ ಕೌದಿ ಹೊಲಿಯುವ ಹೆಂಗಸರು ಊರೂರು ತಿರುಗುತ್ತ ಬರುತ್ತಿದ್ದರು. ಮನೆಯವರು ಗಂಟು ಇಳಿಸಿ ಮುಂದಿಟ್ಟರೆ, ಅಂಗಳದಲ್ಲೇ ಹಾಸಿ ಹೊಲಿದು ಕೂಲಿ ಪಡೆಯುತ್ತಿದ್ದರು. ಇಂದಿಗೂ ಕೆಲವು ಕಡೆ ಬರುವುದುಂಟು. ಅಲ್ಲಿ ಗಂಟು ಒಬ್ಬಳದು, ಸೂಜಿ ಇನ್ನೊಬ್ಬಳದು.

ಹಾಗಾದರೆ ಬೊಂತೆ ಮುಗಿಯಿತು ಎನ್ನುವುದು ಯಾವಾಗ? ಕೊನೆಯ ಸಾಲು ಹೊಲಿದಾಗ ಎಂದು ತೋರುವುದು ಸಹಜ. ಆದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರ ಉತ್ತರ ಬೇರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು ಕಾಡು ಸೇರಿದವರ ಸಂತತಿ ಇವರದು. ಇವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಹೊರ ಅಂಚಿನಿಂದ ಶುರುವಾದ ಹೊಲಿಗೆ ಸುತ್ತು ಸುತ್ತಾಗಿ ಒಳಗೆ ಸಾಗಿ ನಡುವಿನಲ್ಲಿ ನಿಲ್ಲುತ್ತದೆ. ಆದರೂ ಕೆಲಸ ಮುಗಿದಿಲ್ಲ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಪದರ ಪದರವಾಗಿ ‘ಫುಲ’ ಅಂದರೆ ಹೂ ಇಡಬೇಕು. ಹೂ ಇಲ್ಲದ ಕವಂದಿ ಬೆತ್ತಲೆ ಎನ್ನುವುದು ಅವರ ನಂಬಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಇದನ್ನು ದಾಖಲಿಸಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಕೂಟವೊಂದು ರೂಪುಗೊಳ್ಳಲು ನೆರವಾದರು. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಶೊಂಬರ್ಗ್ ಕೇಂದ್ರದಲ್ಲಿ ಗೋಡೆ ಏರಿದವು.

ಗೋಡೆ ಏರಿದ ಕವಂದಿ ಉಳಿಯುತ್ತದೆ. ಮನೆಯಲ್ಲಿ ಹೊದ್ದದ್ದು ಉಳಿಯುವುದಿಲ್ಲ. ಮಕ್ಕಳು ಒದ್ದೆ ಮಾಡಿ, ಕಲ್ಲಿಗೆ ಬಡಿದು, ಬಿಸಿಲಿಗೆ ಒಣಗಿಸಿ, ಹತ್ತು ಹದಿನೈದು ವರ್ಷಕ್ಕೆ ಮುಖದ ತುಂಡುಗಳು ಮಾಸಿ ಒಂದೇ ಬಣ್ಣವಾಗುತ್ತವೆ. ಆಗ ಆ ಬೊಂತೆಯೇ ಇನ್ನೊಂದು ಬೊಂತೆಯ ಒಳಪದರ! ಅದರಿಂದಾಚೆಗೆ ಎತ್ತಿನ ಗಾಡಿಯ ಹಾಸು, ಕೊಟ್ಟಿಗೆಯ ಕರುವಿನ ಹೊದಿಕೆ, ಒಲೆಯ ಬಳಿಯ ಮಸಿಬಟ್ಟೆ. ಮುಗಿದ ಬೊಂತೆ ಹೀಗೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಅಟ್ಟದಲ್ಲಿ ಉಳಿದದ್ದು ಮಾತ್ರ ಕಟ್ಟಿಟ್ಟ ದಿನದ ಬಣ್ಣದಲ್ಲೇ ಇರುತ್ತದೆ.

ಇದನ್ನು ಇಂಗ್ಲೆಂಡಿನ ಇತಿಹಾಸಕಾರರು ಚೆನ್ನಾಗಿ ಬಲ್ಲರು. ಅಲ್ಲಿ ತುಂಡುಗಳಿಗೆ ಆಕಾರ ಬರಲೆಂದು ಹಳೆಯ ಪತ್ರ, ಲೆಕ್ಕದ ಪುಸ್ತಕ, ಸುದ್ದಿಪತ್ರಿಕೆಗಳ ಕಾಗದ ಕತ್ತರಿಸಿ ಬಟ್ಟೆಯೊಳಗೆ ಇಟ್ಟು ಹೊಲಿಯುವ ಪದ್ಧತಿಯಿತ್ತು. ಕೆಲಸ ಮುಗಿದಾಗ ಕಾಗದ ಕಿತ್ತು ತೆಗೆಯುತ್ತಿದ್ದರು. ಅರ್ಧಕ್ಕೆ ಬಿಟ್ಟವುಗಳಲ್ಲಿ ಕಾಗದ ಹಾಗೇ ಉಳಿದಿದೆ, ಕೆಲವದರಲ್ಲಿ ತಾರೀಖಿನ ಸಮೇತ. 1841ರಲ್ಲಿ ‘ರಾಜಾ’ ಎಂಬ ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಗಡಿಪಾರಾದ ಸುಮಾರು 180 ಮಹಿಳಾ ಕೈದಿಗಳಿಗೆ ಎಲಿಜಬೆತ್ ಫ್ರೈ ಎಂಬ ಸುಧಾರಕಿಯ ಸಂಘ ಸೂಜಿ, ದಾರ ಮತ್ತು ಬಟ್ಟೆ ಚೂರುಗಳ ಗಂಟು ಕೊಟ್ಟಿತ್ತು. ಆ ಕೈದಿಗಳು ದಾರಿಯಲ್ಲಿ ಹೊಲಿದ ಹೊದಿಕೆ 1989ರಿಂದ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಯ ಸ್ವತ್ತು. ಅದು ಉಳಿದಿರುವುದೂ ಯಾರೂ ಅದನ್ನು ದಿನನಿತ್ಯ ಹೊದ್ದುಕೊಳ್ಳದ್ದರಿಂದಲೇ.

ನಮ್ಮ ಗಂಟಿನಲ್ಲಿ ಕಾಗದವಿಲ್ಲ, ತಾರೀಖಿಲ್ಲ. ಆದರೆ ಬಟ್ಟೆಯೇ ತಾರೀಖು ಹೇಳುತ್ತದೆ. ತೀರ ತಳದಲ್ಲಿ ಕೈಮಗ್ಗದ ದಪ್ಪ ನೂಲಿನ ಹದಿನಾರು ಮೊಳದ ಸೀರೆಯ ಹೋಳು ಸಿಗಬಹುದು. ಅದರ ಮೇಲೆ ಬೆಂಗಳೂರಿನ ಗಿರಣಿಗಳ ಕಾಲ: 1884ರಲ್ಲಿ ಹುಟ್ಟಿ ಬಿನ್ನಿ ಮಿಲ್ಲೆಂದೇ ಹೆಸರಾದ ಗಿರಣಿ, ರಾಜಾ ಮಿಲ್, ಮಿನರ್ವಾ ಮಿಲ್. (ಕೊನೆಯದನ್ನು 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಜವಳಿ ವ್ಯಾಪಾರಿಗಳಿಗಿಂತ ವಕೀಲರೇ ಹೆಚ್ಚು ಬಲ್ಲರು.) ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರ ಬಟ್ಟೆ ಮತ್ತು ನೂಲು ನಿಯಂತ್ರಣ ಆದೇಶದೊಡನೆ, ಬಟ್ಟೆ ‘ಕಂಟ್ರೋಲ್’ ಆಯಿತು. ಹೊಸ ಬಟ್ಟೆ ಸಿಗದ ಆ ವರ್ಷಗಳಲ್ಲಿ ಇದ್ದ ಬಟ್ಟೆಗೇ ತೇಪೆ ಬಿತ್ತು. ತೇಪೆಯ ಮೇಲೆ ತೇಪೆ ಬಿದ್ದ ತುಂಡು ಗಂಟಿನಲ್ಲಿ ಸಿಕ್ಕರೆ ಅದು ಬಡತನದ ಗುರುತೂ ಹೌದು, ಕಂಟ್ರೋಲಿನ ಗುರುತೂ ಇರಬಹುದು.

ಆಮೇಲೆ ಬಂದದ್ದು ನೈಲಾನು, ಟೆರಿಲಿನ್, ಪಾಲಿಯೆಸ್ಟರ್. 1960 ಮತ್ತು 70ರ ದಶಕಗಳಲ್ಲಿ ಇವು ಹಳ್ಳಿಯ ಸಂತೆಗಳನ್ನು ತಲುಪಿದವು. ಹೆಂಗಸರಿಗೆ ಮೊದಲು ಸಂತೋಷವೇ ಆಯಿತು: ಬೇಗ ಒಣಗುತ್ತದೆ, ಬಣ್ಣ ಬಿಡದು, ಹರಿಯದು. ಬೊಂತೆಗೆ ಕುತ್ತಾದದ್ದೂ ಇದೇ ಗುಣ. ಹರಿಯದ ಸೀರೆ ಗಂಟು ಸೇರುವುದೆಂದು? ಸೇರಿದರೂ ಸೂಜಿಯಡಿ ಜಾರುತ್ತದೆ, ಬೆವರು ಹೀರದು, ಎಷ್ಟು ಒಗೆದರೂ ಹತ್ತಿಯಂತೆ ಮೆತ್ತಗಾಗದು. ಅಷ್ಟು ಹೊತ್ತಿಗೆ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದರು. ನಾಲ್ಕು ಸೀರೆಗೆ ಒಂದು ಬೊಂತೆ ಎಂಬ ಲೆಕ್ಕ ಹೋಗಿ, ಇಷ್ಟು ಸೀರೆಗೆ ಒಂದು ಡಬರಿ ಎಂಬ ಚೌಕಾಸಿ ಶುರುವಾಯಿತು. ಗಂಟು ಬೆಳೆಯುವುದು ನಿಂತದ್ದು ಬಾಗಿಲ ಬಳಿಯ ಈ ಚೌಕಾಸಿಯಲ್ಲಿ.

ಈಗ ಗಾರ್ಮೆಂಟ್ಸ್ ಕಾರ್ಖಾನೆಗಳ ಕತ್ತರಿಯಡಿ ಬಿದ್ದ ಚೂರುಗಳು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ, ಅವುಗಳಿಂದ ಕಾಲೊರೆಸುವ ಮ್ಯಾಟು ತಯಾರಾಗುತ್ತದೆ. ಆ ಚೂರುಗಳನ್ನು ಯಾರೂ ಉಟ್ಟಿರುವುದಿಲ್ಲ.

ಪಕ್ಕದ ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕ ಹಳ್ಳಿ ಮನೆಯ ಸಾಮಾನುಗಳಿಗೆಂದೇ ಇರುವ ಜಾಗ. ಬೀಸುಕಲ್ಲು, ಒನಕೆ, ಕೊಳಗಗಳನ್ನು ಅಂಥ ಕಡೆಗೆ ಕೊಡುವವರಿದ್ದಾರೆ, ಅವನ್ನು ಕೊಡಲು ಯಾರಿಗೂ ನಾಚಿಕೆಯಿಲ್ಲ. ಅಜ್ಜಿಯ ಚಿಂದಿ ಗಂಟನ್ನು ಹೊತ್ತು ತರಲು ಸಂಕೋಚ. ಮನೆ ಕೆಡವುವ ದಿನ ಅದು ಮಣ್ಣು, ಹೆಂಚಿನ ಚೂರುಗಳ ಜೊತೆ ಟ್ರ್ಯಾಕ್ಟರ್ ಏರುತ್ತದೆ. ಬಿಚ್ಚಿ ನೋಡುವವರು ಸಿಕ್ಕರೆ ಅರ್ಧ ಬೊಂತೆಯನ್ನು ಹುಷಾರಾಗಿ ಹಿಡಿಯಬೇಕು, ಸೂಜಿ ಅಲ್ಲೇ ಇರಬಹುದು.