ಕಾನ್‌ಕ್ಲೇವ್ (ಕಾದಂಬರಿ)

ಕಾನ್‌ಕ್ಲೇವ್: ಕ್ಯಾಥೊಲಿಕ್ ಚರ್ಚಿನ ಹೊಸ ಪೋಪರ ಆಯ್ಕೆಯನ್ನು ಕುರಿತು ಬ್ರಿಟಿಷ್ ಲೇಖಕ ರಾಬರ್ಟ್ ಹ್ಯಾರಿಸ್ ಬರೆದ ಇಂಗ್ಲಿಷ್ ರೋಚಕ ಕಾದಂಬರಿ. ಪ್ರಕಟಣೆ 2016.

ಕಥಾವಸ್ತು: ಪೋಪ್ ನಿಧನರಾದ ಬಳಿಕ 118 ಕಾರ್ಡಿನಲ್‌ಗಳು ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಗುಪ್ತ ಮತದಾನಕ್ಕೆ ಸೇರುತ್ತಾರೆ. ಆಯ್ಕೆಗೆ ಮೂರನೇ ಎರಡರಷ್ಟು ಬಹುಮತ ಅಗತ್ಯ. ಚುನಾವಣೆಯ ಹೊಣೆ ಹೊತ್ತ, ಕಾರ್ಡಿನಲ್‌ಗಳ ಡೀನ್ ಆದ ಲೊಮೆಲಿ ಮುಖ್ಯ ಪಾತ್ರ. ಬೆಲ್ಲಿನಿ, ಟೆಡೆಸ್ಕೊ, ಅಡೆಯೆಮಿ, ಟ್ರೆಂಬ್ಲೆ ಪ್ರಮುಖ ಸ್ಪರ್ಧಿಗಳು. ದಿವಂಗತ ಪೋಪ್ ಗುಟ್ಟಾಗಿ ಕಾರ್ಡಿನಲ್ ಪದವಿಗೇರಿಸಿದ್ದ ಬಾಗ್ದಾದ್‌ನ ಬೆನಿಟೆಜ್ ಅನಿರೀಕ್ಷಿತವಾಗಿ ಬಂದು ಸೇರುತ್ತಾನೆ.

ಓದುಗರ ಪ್ರತಿಕ್ರಿಯೆ: ವಿಧಿವಿಧಾನಗಳ ನಿಖರ ಚಿತ್ರಣ ಹೆಚ್ಚಿನ ಮೆಚ್ಚುಗೆ ಗಳಿಸಿದೆ. ಎಣಿಸಿದ ಮತಚೀಟಿಗಳನ್ನು ಸೂಜಿಯಿಂದ ಚುಚ್ಚಿ ದಾರಕ್ಕೆ ಪೋಣಿಸಿ ಒಲೆಯಲ್ಲಿ ಸುಡುವಂಥ ವಿವರಗಳು ಇದಕ್ಕೆ ನಿದರ್ಶನ. ಕೊಲೆ, ಬೆನ್ನಟ್ಟುವಿಕೆಗಳನ್ನು ನೆಚ್ಚದೆ ಮತಗಳ ಏರಿಳಿತದಿಂದಲೇ ಕುತೂಹಲ ಬೆಳೆಸುವುದು, ಲೊಮೆಲಿಯ ಶ್ರದ್ಧೆ ಮತ್ತು ಸಂಶಯಗಳ ತೊಳಲಾಟ ಸಹ ಓದುಗರನ್ನು ಸೆಳೆದಿವೆ. ಅಭಿಪ್ರಾಯಭೇದ ತೀವ್ರವಾಗಿರುವುದು ಅಂತ್ಯದ ವಿಷಯದಲ್ಲಿ: ಆಯ್ಕೆಯಾದ ಪೋಪ್ ಅಂತರಲಿಂಗಿ ಎಂಬುದು ಬಯಲಾಗುವುದನ್ನು ಕೆಲವರು ದಿಟ್ಟ ತಿರುವೆಂದು, ಕೆಲವರು ಕೃತಕವೆಂದು ಪರಿಗಣಿಸಿದ್ದಾರೆ. ಸಂಪ್ರದಾಯವಾದಿಗಳ ಚಿತ್ರಣ ಏಕಪಕ್ಷೀಯ ಎಂಬ ಆಕ್ಷೇಪವೂ ಕ್ಯಾಥೊಲಿಕ್ ವಲಯದಲ್ಲಿದೆ.

ಮಹತ್ವ: ಎಡ್ವರ್ಡ್ ಬರ್ಗರ್ 2024ರಲ್ಲಿ ಇದನ್ನು ಚಲನಚಿತ್ರವಾಗಿಸಿದರು, ರೇಫ್ ಫೈನ್ಸ್ ನಾಯಕ ನಟ. ಚಿತ್ರಕ್ಕೆ 2025ರಲ್ಲಿ ಅತ್ಯುತ್ತಮ ರೂಪಾಂತರಿತ ಚಿತ್ರಕಥೆಯ ಆಸ್ಕರ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ನಿಧನರಾಗಿ, ಮೇ 8ರಂದು 14ನೇ ಲಿಯೋ ಆಯ್ಕೆಯಾದ ಅವಧಿಯಲ್ಲಿ ಈ ಕಥೆ ಮತ್ತೆ ವ್ಯಾಪಕವಾಗಿ ಗಮನ ಸೆಳೆಯಿತು.