ಅಪ್ಪು ಕರೆದ ಮಕ್ಕಳು, ಕಲ್ಲು ಹೊತ್ತ ಮಕ್ಕಳು

1982ರ ನವೆಂಬರ್ 19ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಒಂಬತ್ತನೆಯ ಏಷ್ಯನ್ ಕ್ರೀಡಾಕೂಟ ಆರಂಭವಾಯಿತು. ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದರು. ಪಂಡಿತ್ ರವಿಶಂಕರ್ ಸ್ವರ ಸಂಯೋಜಿಸಿದ ಸ್ವಾಗತಗೀತೆ ಮೊಳಗಿತು. 33 ದೇಶಗಳು ಪಾಲ್ಗೊಂಡಿದ್ದವು. ಆ ದಿನಗಳಲ್ಲಿ ಮಕ್ಕಳಾಗಿದ್ದವರನ್ನು ಈಗ ಕೇಳಿ ನೋಡಿ. ಯಾವ ದೇಶಕ್ಕೆ ಎಷ್ಟು ಪದಕ ಬಂತೆಂಬುದು ಅವರಿಗೆ ಮರೆತೇ ಹೋಗಿರುತ್ತದೆ. ಆನೆಮರಿಯನ್ನು ಮಾತ್ರ ಮರೆತಿರುವುದಿಲ್ಲ. 'ಅಪ್ಪು' ಎಂದ ಕೂಡಲೇ ಐವತ್ತು ದಾಟಿದವರ ಮುಖದಲ್ಲೂ ಒಂದು ನಗು ಮೂಡುತ್ತದೆ.

ದೊಡ್ಡವರು ನಡೆಸುವ ಕ್ರೀಡಾಕೂಟವೊಂದು ಮಕ್ಕಳ ಹಬ್ಬವಾಗುವುದು ತಾನಾಗಿಯೇ ಅಲ್ಲ. ಅದರ ಹಿಂದೆ ಯಾರದೋ ಯೋಚನೆ, ಯಾರದೋ ದುಡ್ಡು, ಯಾರದೋ ದುಡಿಮೆ ಇರುತ್ತದೆ. ದೆಹಲಿಯ ಏಷ್ಯಾಡ್ ಈ ಮೂರನ್ನೂ ಬಿಡಿಸಿ ನೋಡಲು ಒಳ್ಳೆಯ ಉದಾಹರಣೆ.

ಮಕ್ಕಳನ್ನು ಸೆಳೆಯಲು ಒಂದು ಪ್ರಾಣಿಯನ್ನು ಮುಂದೆ ನಿಲ್ಲಿಸುವ ಉಪಾಯ ಅಂದಿಗೆ ತೀರ ಹಳೆಯದೇನಲ್ಲ. 1966ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ಪಿಗೆ 'ವಿಲ್ಲಿ' ಎಂಬ ಸಿಂಹ ಬಂತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ 'ವಾಲ್ಡಿ' ಎಂಬ ಉದ್ದ ಮೈಯ, ಗಿಡ್ಡ ಕಾಲಿನ ನಾಯಿ ಮೊದಲ ಅಧಿಕೃತ ಲಾಂಛನಪ್ರಾಣಿಯಾಯಿತು. 1980ರಲ್ಲಿ ಮಾಸ್ಕೋದ 'ಮಿಶಾ' ಕರಡಿ ಇವೆಲ್ಲವನ್ನೂ ಮೀರಿಸಿತು. ಆ ಒಲಿಂಪಿಕ್ಸ್ ಅನ್ನು ಅಮೆರಿಕ ಮತ್ತು ಅದರ ಜೊತೆಗಾರ ದೇಶಗಳು ಬಹಿಷ್ಕರಿಸಿದ್ದವು. ದೊಡ್ಡವರ ಲೋಕದಲ್ಲಿ ಬಿಗಿ ಮುಖ, ಕಟು ಮಾತು. ಆದರೆ ಸಮಾರೋಪದ ದಿನ ಕ್ರೀಡಾಂಗಣದ ಮೆಟ್ಟಿಲುಗಳಲ್ಲಿ ಫಲಕ ಹಿಡಿದು ಕುಳಿತ ಜನ ಮಿಶಾನ ಚಿತ್ರ ಮೂಡಿಸಿದರು, ಅದರ ಕಣ್ಣಿಂದ ಒಂದು ಹನಿ ನೀರು ಇಳಿಸಿದರು. ಬಳಿಕ ಬಲೂನುಗಳು ದೊಡ್ಡ ಕರಡಿಯೊಂದನ್ನು ಎತ್ತಿಕೊಂಡು ಆಕಾಶಕ್ಕೆ ಹೋದವು. ಕ್ರೀಡೆಯ ಗೆಲುವು ಸೋಲುಗಳಿಗಿಂತ ಒಂದು ಗೊಂಬೆಯ ವಿದಾಯ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯಬಲ್ಲದು ಎಂಬುದು ಅಂದು ಲೋಕಕ್ಕೆ ಗೊತ್ತಾಯಿತು.

ಎರಡು ವರ್ಷದ ಬಳಿಕ ದೆಹಲಿಗೆ ಅಪ್ಪು ಬಂದ. ಆನೆಯನ್ನು ಕಂಡು ಹಿಗ್ಗದ ಮಗು ನಮ್ಮ ದೇಶದಲ್ಲಿ ಎಲ್ಲಿದೆ? ಬೀದಿಗೆ ಆನೆ ಬಂತೆಂದರೆ ಊಟದ ತಟ್ಟೆ ಬಿಟ್ಟು ಓಡುವ ಮಕ್ಕಳ ನಾಡಿದು. ಹೆಸರೂ ಹಾಗೆಯೇ. ದಕ್ಷಿಣದ ಮನೆಗಳಲ್ಲಿ ಮುದ್ದಿನ ಮಗನನ್ನು ಕರೆಯುವ ಹೆಸರು ಅದು. ನಮ್ಮ ಮಕ್ಕಳಿಗೆ ಅಪ್ಪುವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

ಅಪ್ಪುವನ್ನು ಊರೂರಿಗೆ ಮುಟ್ಟಿಸಿದ್ದು ದೂರದರ್ಶನ. ಅದೇ ವರ್ಷದ ಆಗಸ್ಟ್ 15ರಂದು ದೇಶದಲ್ಲಿ ಬಣ್ಣದ ಪ್ರಸಾರ ಆರಂಭವಾಗಿತ್ತು. ಏಷ್ಯಾಡ್ ಹೊತ್ತಿಗೆ ಸಿದ್ಧವಾಗಬೇಕೆಂಬುದೇ ಆ ಆತುರಕ್ಕೆ ಮುಖ್ಯ ಕಾರಣ. ಏಪ್ರಿಲ್‌ನಲ್ಲಿ ಹಾರಿಸಿದ್ದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರ್‌ನಲ್ಲಿ ಕೆಟ್ಟು ಕೈಕೊಟ್ಟರೂ ಪ್ರಸಾರ ನಿಲ್ಲಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರಕ್ಕೆ ಆಗ ವಯಸ್ಸು ಒಂದೇ ವರ್ಷ. ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಕೆಲವು ಹಳ್ಳಿಗಳ ಮಕ್ಕಳಿಗೆ ಮಾತ್ರ ಟಿವಿ ಹೊಸದಲ್ಲ. 1975-76ರ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಅವರು ಶಾಲೆಯಲ್ಲೇ ಕುಳಿತು ಕನ್ನಡದ ಪಾಠಗಳನ್ನು ಟಿವಿಯಲ್ಲಿ ನೋಡಿದ್ದರು. ಉಳಿದವರಿಗೆ ಟಿವಿ ಎಂದರೆ ಪಕ್ಕದ ಬೀದಿಯ ಸ್ಥಿತಿವಂತರ ನಡುಮನೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಕಿಟಕಿಯ ಸರಳು ಹಿಡಿದು ನೇತಾಡುವ ಹುಡುಗರು. ಬಣ್ಣದ ಏಷ್ಯಾಡನ್ನು ಕಪ್ಪು-ಬಿಳುಪಿನಲ್ಲೇ ನೋಡಿದವರು ಹೆಚ್ಚು. ಬಣ್ಣವನ್ನು ಅವರೇ ತುಂಬಿಕೊಂಡರು.

ಇಷ್ಟು ಹಬ್ಬದ ಕಥೆ. ಈಗ ಹಬ್ಬಕ್ಕೆ ಚಪ್ಪರ ಹಾಕಿದವರ ಕಥೆ.

ಏಷ್ಯಾಡ್‌ಗಾಗಿ ದೆಹಲಿಯಲ್ಲಿ ಕ್ರೀಡಾಂಗಣಗಳು, ಈಜುಕೊಳ, ಮೇಲ್ಸೇತುವೆಗಳು, ಹೋಟೆಲುಗಳು, ಸಿರಿ ಫೋರ್ಟ್ ಬಳಿ ಕ್ರೀಡಾಪಟುಗಳ ವಸತಿ ಸಮುಚ್ಚಯ ಎಲ್ಲವೂ ಒಟ್ಟಿಗೆ ಎದ್ದು ನಿಂತವು. ಅವನ್ನು ಕಟ್ಟಿದವರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ 'ಜಮಾದಾರ'ರು ಕರೆತಂದ ಕೂಲಿಗಳು. ಮೂವರು ಸಮಾಜ ವಿಜ್ಞಾನಿಗಳು ನಿರ್ಮಾಣ ಸ್ಥಳಗಳಿಗೆ ಹೋಗಿ, ಕೂಲಿಕಾರರನ್ನು ಮಾತನಾಡಿಸಿ ಒಂದು ವರದಿ ಬರೆದರು. ಅದನ್ನು ಆಧರಿಸಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಪತ್ರ ಬರೆಯಿತು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯೆಂದು ಕೈಗೆತ್ತಿಕೊಂಡಿತು.

ಪತ್ರದಲ್ಲಿದ್ದ ಲೆಕ್ಕ ಸಣ್ಣದು. ದಿನಕ್ಕೆ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಜಮಾದಾರ ಒಂದು ರೂಪಾಯಿ ಮುರಿದುಕೊಂಡರೆ ಕೂಲಿಯವನ ಕೈಗೆ 8 ರೂಪಾಯಿ 25 ಪೈಸೆ. ಹೆಂಗಸರಿಗೆ 7 ರೂಪಾಯಿ. ಇದರ ಜೊತೆಗೆ ಇನ್ನೊಂದು ಆರೋಪ: ಹದಿನಾಲ್ಕು ತುಂಬದ ಮಕ್ಕಳನ್ನೂ ಗುತ್ತಿಗೆದಾರರು ದುಡಿಸಿಕೊಳ್ಳುತ್ತಿದ್ದಾರೆ.

ಸರ್ಕಾರದ ಕಡೆಯವರು ಮಕ್ಕಳ ವಿಷಯಕ್ಕೆ ಕೊಟ್ಟ ಉತ್ತರವನ್ನು ಗಮನಿಸಬೇಕು. ಇಂಥ ದೂರು ನಮಗೆ ಬಂದಿಲ್ಲ ಎಂದರು. ಮೇಲಾಗಿ, 1938ರ ಬಾಲಕಾರ್ಮಿಕ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡ ನಿರ್ಮಾಣದ ಕೆಲಸ ಸೇರಿಲ್ಲ, ಆದ್ದರಿಂದ ಆ ಕಾಯ್ದೆ ಇಲ್ಲಿಗೆ ಅನ್ವಯಿಸುವುದೇ ಇಲ್ಲ ಎಂದರು. ಕಾಯ್ದೆಯ ಅಕ್ಷರದ ಮಟ್ಟಿಗೆ ಮಾತು ನಿಜವೇ. 1982ರ ಸೆಪ್ಟೆಂಬರ್ 18ರಂದು, ಕೂಟಕ್ಕೆ ಸುಮಾರು ಎರಡು ತಿಂಗಳಿರುವಾಗ, ನ್ಯಾಯಮೂರ್ತಿಗಳಾದ ಭಗವತಿ ಮತ್ತು ಬಹರುಲ್ ಇಸ್ಲಾಂ ಅವರ ಪೀಠ ತೀರ್ಪು ಕೊಟ್ಟಿತು. ಕಟ್ಟಡದ ಕೆಲಸ ಅಪಾಯಕಾರಿ ಕೆಲಸ. ಹದಿನಾಲ್ಕರ ಒಳಗಿನ ಮಗುವನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಬಾರದೆಂದು ಸಂವಿಧಾನದ 24ನೆಯ ವಿಧಿಯೇ ಹೇಳುತ್ತದೆ. ಅದಕ್ಕೆ ಇನ್ನೊಂದು ಕಾಯ್ದೆಯ ಊರುಗೋಲು ಬೇಕಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸಮ ಎಂಬ ಮಾತೂ ಅದೇ ತೀರ್ಪಿನದು. 1986ರಲ್ಲಿ ಬಂದ ಬಾಲಕಾರ್ಮಿಕ ಕಾಯ್ದೆಯಲ್ಲಿ ಕಟ್ಟಡ ನಿರ್ಮಾಣ ನಿಷೇಧದ ಪಟ್ಟಿಗೆ ಸೇರಿತು. ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ ಇದನ್ನು 'ಏಷ್ಯಾಡ್ ಪ್ರಕರಣ' ಎಂದೇ ಓದುತ್ತಾರೆ.

ಒಂದೇ ಊರು, ಒಂದೇ ವರ್ಷ. ಕೆಲವು ಮಕ್ಕಳಿಗೆ ಆ ಕ್ರೀಡಾಂಗಣ ಆನೆಮರಿಯ ಅಂಗಳ. ಕೆಲವು ಮಕ್ಕಳಿಗೆ ಅದು ತಲೆಯ ಮೇಲಿನ ಬಾಣಲಿ. ಅಪ್ಪು ಈ ಎರಡನೆಯವರನ್ನು ಕರೆದಿರಲಿಲ್ಲ.

ಇನ್ನು ಹಬ್ಬದೊಳಗಿದ್ದ ಮಕ್ಕಳು ಕಲಿತದ್ದೇನು? ಡಿಸೆಂಬರ್ 1ರಂದು ಪುರುಷರ ಹಾಕಿ ಫೈನಲ್ ನಡೆಯಿತು. ಪಾಕಿಸ್ತಾನದ ಎದುರು ಭಾರತ 1-7ರಿಂದ ಸೋತಿತು. ದೇಶವೇ ಟಿವಿಯ ಮುಂದೆ ಕುಳಿತಿದ್ದ ಹೊತ್ತದು. ಸೋಲಿಗಿಂತ ಕೆಟ್ಟದ್ದು ಆಮೇಲೆ ನಡೆಯಿತು. ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಅವರನ್ನು ದ್ರೋಹಿ ಎಂದರು, ಮಾರಿಕೊಂಡವನು ಎಂದರು. ಆ ಕಳಂಕ ಹೊತ್ತು ಅವರು ವರ್ಷಗಟ್ಟಲೆ ಬದುಕಬೇಕಾಯಿತು. ಆಟವೆಂದರೆ ಸಂಭ್ರಮ ಎಂದು ಮಕ್ಕಳಿಗೆ ಹೇಳಿಕೊಟ್ಟ ದೊಡ್ಡವರೇ, ಸೋತವನನ್ನು ಹೇಗೆ ಕಲ್ಲಿನಿಂದ ಹೊಡೆಯಬೇಕೆಂಬುದನ್ನೂ ಅದೇ ವಾರ ಹೇಳಿಕೊಟ್ಟರು. ಅದೇ ಕೂಟದಲ್ಲಿ ಭಾರತದ ಹೆಂಗಸರ ಹಾಕಿ ತಂಡ ಚಿನ್ನ ಗೆದ್ದಿತ್ತು. ಆ ಗೆಲುವನ್ನು ನೆನೆಯುವವರು ಇಂದಿಗೂ ಕಡಿಮೆ. ಆ ಸೋಲನ್ನು ಬಲ್ಲವರು ಎಲ್ಲರೂ.

ಒಳ್ಳೆಯದನ್ನು ಕಲಿಸಿದವರೂ ಇದ್ದರು. ಕೇರಳದ ಪಯ್ಯೋಳಿಯ ಹದಿನೆಂಟರ ಹುಡುಗಿ ಪಿ.ಟಿ. ಉಷಾ 100 ಮತ್ತು 200 ಮೀಟರ್ ಓಟಗಳೆರಡರಲ್ಲೂ ಬೆಳ್ಳಿ ಗೆದ್ದರು. 100 ಮೀಟರಿನಲ್ಲಿ ಅವರನ್ನು ಹಿಂದಿಕ್ಕಿದ ಫಿಲಿಪ್ಪೀನ್ಸ್‌ನ ಲಿಡಿಯಾ ಡಿ ವೇಗಾಗೆ ಇನ್ನೂ ಹದಿನೆಂಟೂ ತುಂಬಿರಲಿಲ್ಲ. ಎಂ.ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದರು. ತಮ್ಮಂತೆಯೇ ಎರಡು ಜಡೆ ಹಾಕುವ ವಯಸ್ಸನ್ನು ಈಚೆಗಷ್ಟೇ ದಾಟಿದ ಹುಡುಗಿಯರು ದೇಶದ ಹೆಸರು ಎದೆಯ ಮೇಲೆ ಬರೆದುಕೊಂಡು ಓಡುವುದನ್ನು ಸಾವಿರಾರು ಹೆಣ್ಣುಮಕ್ಕಳು ಕಣ್ಣಾರೆ ಕಂಡದ್ದು ಆಗಲೇ. ಮುಂದಿನ ವರ್ಷಗಳಲ್ಲಿ ಕೊಡಗಿನ ಅಶ್ವಿನಿ ನಾಚಪ್ಪ ಉಷಾ ಓಡಿದ ಟ್ರ್ಯಾಕುಗಳಲ್ಲೇ ಓಡಿ ಹೆಸರಾದರು. ಅಪ್ಪು ಮಕ್ಕಳನ್ನು ಟಿವಿಯ ಮುಂದೆ ಕೂರಿಸಿದ. ಉಷಾ ಅವರನ್ನು ಬಯಲಿಗೆ ಎಬ್ಬಿಸಿದರು.

ಹನ್ನೆರಡು ವರ್ಷದ ಬಳಿಕ, 1994ರಲ್ಲಿ, ಏಷ್ಯಾಡ್ ಹಿರೋಶಿಮಾದಲ್ಲಿ ನಡೆಯಿತು. ಅಲ್ಲಿನ ಬಡಾವಣೆಗಳ ಸಮುದಾಯ ಭವನಗಳು ತಲಾ ಒಂದು ದೇಶವನ್ನು ತಮ್ಮದೆಂದುಕೊಂಡು ಅದರ ಬಗ್ಗೆ ಓದಿ, ಅದರ ಆಟಗಾರರನ್ನು ಬರಮಾಡಿಕೊಂಡವು. 1998ರ ಚಳಿಗಾಲದ ಒಲಿಂಪಿಕ್ಸ್‌ಗೆ ನಾಗಾನೋ ನಗರದ ಶಾಲೆಗಳು ಇದನ್ನೇ 'ಒಂದು ಶಾಲೆ, ಒಂದು ದೇಶ' ಎಂದು ಮುಂದುವರಿಸಿದವು. ಮಕ್ಕಳು ದೂರದ ದೇಶದ ಹಾಡು ಕಲಿತರು, ಪತ್ರ ಬರೆದರು, ಆ ದೇಶದವರು ಗೆಲ್ಲಲಿ ಸೋಲಲಿ ಕೂಗಿ ಹುರಿದುಂಬಿಸಿದರು. ಉದ್ಘಾಟನೆಯ ದಿನ ಕ್ರೀಡಾಜ್ಯೋತಿಯನ್ನು ಅಂಗಳಕ್ಕೆ ತಂದವರು ಕ್ರಿಸ್ ಮೂನ್. ನೆಲಬಾಂಬು ತೆಗೆಯುವ ಕೆಲಸದಲ್ಲಿ ಒಂದು ಕೈ, ಒಂದು ಕಾಲು ಕಳೆದುಕೊಂಡ ಮನುಷ್ಯ. ಅವರ ಸುತ್ತ ಓಡಿಬಂದದ್ದು ಮಕ್ಕಳ ಗುಂಪು. ಇಲ್ಲಿ ಮಗುವಿನ ಉತ್ಸಾಹಕ್ಕೆ ಒಂದು ಕೆಲಸ ಸಿಕ್ಕಿತ್ತು: ತನ್ನದಲ್ಲದ ಬಾವುಟಕ್ಕೂ ಚಪ್ಪಾಳೆ ತಟ್ಟುವ ಕೆಲಸ.

ದೆಹಲಿಯಲ್ಲಿ ಅಪ್ಪುವಿನ ಹೆಸರಿನ ಮನರಂಜನಾ ಉದ್ಯಾನ 'ಅಪ್ಪು ಘರ್' 1984ರಲ್ಲಿ ಪ್ರಗತಿ ಮೈದಾನದಲ್ಲಿ ತೆರೆಯಿತು, 2008ರಲ್ಲಿ ಮುಚ್ಚಿತು. ಎರಡು ವರ್ಷ ಕಳೆದು ಕಾಮನ್‌ವೆಲ್ತ್ ಕೂಟ ಬಂತು, ಅಪ್ಪುವಿನ ಜಾಗಕ್ಕೆ 'ಶೇರಾ' ಎಂಬ ಹುಲಿ ಬಂತು. ಆಗಲೂ ದೆಹಲಿ ಹೈಕೋರ್ಟ್ ಒಂದು ಸಮಿತಿ ನೇಮಿಸಬೇಕಾಯಿತು, ಆ ಸಮಿತಿ ನಿರ್ಮಾಣ ಸ್ಥಳಗಳಿಗೆ ಹೋಗಿ ಕೂಲಿಕಾರರ ಪಾಡನ್ನು ಬರೆಯಬೇಕಾಯಿತು. 1982ರ ತೀರ್ಪು ಅಷ್ಟರಲ್ಲಿ ಇಪ್ಪತ್ತೆಂಟು ವರ್ಷ ಹಳೆಯದಾಗಿತ್ತು.

ಭಾರತ ಈಗ ಮತ್ತೆ ದೊಡ್ಡ ಕೂಟಗಳ ಕನಸು ಕಾಣುತ್ತಿದೆ. ಹೊಸ ಪ್ರಾಣಿಯೊಂದು ಬಂದೇ ಬರುತ್ತದೆ, ಮಕ್ಕಳು ಅದನ್ನು ಮುದ್ದಿಸಿಯೇ ಮುದ್ದಿಸುತ್ತಾರೆ. ಮುದ್ದಿಸಲಿ. ಆ ಕಣ್ಣುಗಳ ಹೊಳಪಿನಲ್ಲಿ ಸುಳ್ಳಿಲ್ಲ. ಆದರೆ ಅಂಗಳ ತೆರೆಯುವ ಮೊದಲು, ಅದರ ಗೋಡೆ ಏಳುತ್ತಿರುವಾಗಲೇ ಯಾರಾದರೂ ಅಲ್ಲಿಗೆ ಹೋಗಿ ನೋಡಬೇಕು. ಕಲ್ಲು ಹೊರುತ್ತಿರುವವರಲ್ಲಿ ಹದಿನಾಲ್ಕು ತುಂಬದವರು ಇದ್ದಾರೆಯೇ ಎಂದು ಎಣಿಸಬೇಕು.