ಬಂಡೀಪುರಕ್ಕೆ ಹೊರಡುವ ಮುನ್ನ

ರಜೆಗೆ ಊರಿಗೆ ಹೋದಾಗ ಹಾಗೇ ಬಂಡೀಪುರದಲ್ಲಿ ಹುಲಿ ನೋಡಿ ಬರೋಣ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಹೊರಡುವ ಮುನ್ನ ಆ ಕಾಡಿನ ಕಥೆಯನ್ನೂ ಸ್ವಲ್ಪ ಕೇಳಿ.

ಬಂಡೀಪುರ ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಯ ಕಾಡು. 1931ರಲ್ಲಿ ಅದರ ಒಂದು ಭಾಗ ಅಭಯಾರಣ್ಯವಾಯಿತು. ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂಬ ಅಂದಿನ ಹೆಸರು ಗೋಪಾಲಸ್ವಾಮಿ ಬೆಟ್ಟದ ದೇವರದು. 1972ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳು ಸುಮಾರು 1,800. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಅಂದಾಜಿನಲ್ಲಿ ಕರ್ನಾಟಕದಲ್ಲೇ 563 ಹುಲಿಗಳು!

ಹುಲಿ ಉಳಿದದ್ದು ನಮಗೆ ಸಂತೋಷ. ಅದರ ಬೆಲೆ ತೆರುತ್ತಿರುವವರು ಕಾಡಂಚಿನ ರೈತರು. ಹುಲಿ ದಾಳಿಗೆ ಜನ ಬಲಿಯಾದಾಗ, 2025ರ ನವೆಂಬರಿನಲ್ಲಿ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಲಾಯಿತು. ಆದ್ದರಿಂದ ರೈಲಿನ ಟಿಕೆಟ್ ತೆಗೆಯುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾರಿನಲ್ಲಿ ಬರುವವರಿಗೆ ಇನ್ನೊಂದು ಮಾತು: 2009ರಿಂದ ಕಾಡಿನೊಳಗಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ರಾತ್ರಿ ರಸ್ತೆ ದಾಟುವ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದೆಂದು ಈ ನಿಯಮ.

ಅಂದಿನ ಬೇಟೆಗಳಲ್ಲಿ ತಮಟೆ ಬಡಿದು ಹುಲಿಯನ್ನು ಬಂದೂಕಿನ ಮುಂದಕ್ಕೆ ಅಟ್ಟುತ್ತಿದ್ದರು. ಇಂದು ಯಾರೂ ಅಟ್ಟುವುದಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾಣದೆ ವಾಪಸಾದರೂ ಬೇಸರ ಬೇಡ. ಕಾಣದಿರುವ ಸ್ವಾತಂತ್ರ್ಯ ಹುಲಿಗೆ ಸಿಕ್ಕಿದ್ದು ಇತ್ತೀಚೆಗಷ್ಟೇ.